ಎಡಗೈ ರೊಟ್ಟಿ

ಜೋಳದ ರೊಟ್ಟಿಯನ್ನು ನೋಡಿ ಅದನ್ನು ಬಡಿದವಳು ಯಾರೆಂದು ಹೇಳುವುದು ಕುಕನೂರಿನ ಆಶ್ರಯ ಕಾಲೊನಿಯ ಹೆಂಗಸರಿಗೆ ದೊಡ್ಡ ವಿದ್ಯೆಯೇನಲ್ಲ. ಅಂಚು ಸೀಳಿದ್ದರೆ ಇಂಥವಳದು, ನಡುವೆ ದಪ್ಪ ಉಳಿದಿದ್ದರೆ ಇಂಥವಳದು, ಒಂದು ಮಗ್ಗುಲು ಕರ್ರಗೆ ಸುಟ್ಟಿದ್ದರೆ ಫೋನಿನಲ್ಲಿ ತವರಿನ ಸುದ್ದಿ ಕೇಳುತ್ತ ಬೇಯಿಸುವ ಇಂಥವಳದು. ಕಾಲೊನಿಯ ಮಹಿಳಾ ಸಂಘದವರು ತಗಡಿನ ಶೆಡ್ಡಿನಲ್ಲಿ ಸಾಲಾಗಿ ಕುಳಿತು ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕಳಿಸುತ್ತ ಒಂಬತ್ತು ವರ್ಷವಾಗಿತ್ತು. ಅಷ್ಟು ದಿನ ಮಗ್ಗುಲಿಗೆ ಮಗ್ಗುಲು ಕುಳಿತು ಬಡಿದ ಮೇಲೆ ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಾಗದೆ ಇರುತ್ತದೆಯೆ?

ಆ ಸಾಲಿನಲ್ಲಿ ಸುವಾರ್ತಮ್ಮನ ರೊಟ್ಟಿಯೇ ರೊಟ್ಟಿ. ಹಾಗಂತ ಬೇರೆಯವರು ಹೇಳುತ್ತಿದ್ದರು. ಬೇರೆಯವರು ಹೇಳದ ದಿನ ಸುವಾರ್ತಮ್ಮನೇ ಹೇಳುತ್ತಿದ್ದಳು. ಹಂಚಿನಷ್ಟೇ ಅಗಲ, ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳುವು, ನಟ್ಟನಡುವೆ ಒಂದು ಸಣ್ಣ ಗುಳಿ. ಆ ಗುಳಿಯನ್ನು ಆಕೆ ಬೇಕೆಂದು ಮಾಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕು ಸೊಟ್ಟಗಾಗಿದ್ದ ಬಲಗೈ ಕಿರುಬೆರಳು ಕೊನೆಯ ಬಡಿತಕ್ಕೆ ತಾನಾಗಿ ಒತ್ತುತ್ತಿತ್ತು. ಈಗ ಅದೇ ಆಕೆಯ ರೊಟ್ಟಿಯ ಗುರುತು.

ಪಕ್ಕದ ಮನೆಯ, ಅದೇ ಸಂಘದ ಪಾರ್ವತೆಮ್ಮನೊಂದಿಗೆ ಮಾತು ನಿಂತು ಮೂರು ವರ್ಷವಾಗಿತ್ತು. ಸಂಘದ ಅಧ್ಯಕ್ಷೆ ಲಾಲಬೀಯ ಮಗಳ ಮದುವೆಯಲ್ಲಿ ಊಟಕ್ಕೆ ಕುಳಿತಾಗ ಪಾರ್ವತೆಮ್ಮ ಒಂದು ರೊಟ್ಟಿಯನ್ನು ಬಿಸಿಲಿಗೆ ಹಿಡಿದು, "ಸುವಾರ್ತಮ್ಮ ಇದನ್ನ ರೊಟ್ಟಿ ಅಂತ ಮಾಡ್ಯಾಳೋ, ಹಪ್ಪಳ ಅಂತ ಮಾಡ್ಯಾಳೋ? ಹತ್ತು ತಿಂದ್ರೂ ಹೊಟ್ಟಿಗೆ ಸುದ್ದಿ ಮುಟ್ಟಂಗಿಲ್ಲ" ಎಂದಿದ್ದಳು. ಪಂಕ್ತಿ ನಕ್ಕಿತು. ಸುವಾರ್ತಮ್ಮ ಬಿಟ್ಟಾಳೆಯೆ? "ನಮ್ಮ ಪಾರಕ್ಕನ ರೊಟ್ಟಿ ಭಾಳ ಗಟ್ಟಿ ನೋಡ್ರಿ. ಮಳಿಗಾಲಕ್ಕ ಮನಿ ಮ್ಯಾಲ ಹೊಚ್ಚಾಕ ಬರ್ತಾವ" ಎಂದಳು. ಪಂಕ್ತಿ ಇನ್ನೂ ಜೋರಾಗಿ ನಕ್ಕಿತು. ಅಂದಿಗೆ ಮಾತು ಮುಗಿಯಿತು.

ಮುಗಿದದ್ದು ನೇರ ಮಾತು ಮಾತ್ರ. ಎರಡೂ ಮನೆಗಳ ನಡುವೆ ಇದ್ದುದು ಒಂದೇ ಇಟ್ಟಂಗಿಯ ಗೋಡೆ, ಹಿತ್ತಲಲ್ಲಿ ಮೊಣಕಾಲೆತ್ತರದ ಕಲ್ಲಿನ ಸಾಲು. ಹೇಳಲೇಬೇಕಾದ್ದಿದ್ದರೆ ಪಾರ್ವತೆಮ್ಮ ತನ್ನ ಕೆಂಪು ಕೋಳಿಗೆ ಹೇಳುತ್ತಿದ್ದಳು: "ಏ ಕೋಳಿ, ನಲ್ಲಿ ಬಂದು ಅರ್ಧ ತಾಸಾತು. ಕೆಲವರು ಇನ್ನಾ ಮಲಗ್ಯಾರ." ಸುವಾರ್ತಮ್ಮ ತನ್ನ ಕರಿಬೇವಿನ ಗಿಡಕ್ಕೆ ಹೇಳುತ್ತಿದ್ದಳು: "ನೋಡವ್ವ ಗಿಡಾ, ಮಂದಿ ಕೋಳಿ ನಿನ್ನ ಬೇರು ಕೆದರಾಕತ್ತೈತಿ. ನಾ ಏನರ ಅಂದ್ನೇನು?" ಹೀಗೆ ಎರಡು ಮನೆಯ ಸಂಸಾರದ ಸುದ್ದಿಯೆಲ್ಲ ಕೋಳಿಗೂ ಗಿಡಕ್ಕೂ ಬಾಯಿಪಾಠವಾಗಿತ್ತು.

ಆ ವರ್ಷ ಈಸ್ಟರ್ ಮುಂಚಿನ ಉಪವಾಸದ ದಿನಗಳು ಶುರುವಾಗುವ ಬೂದಿ ಬುಧವಾರ ಪಾದ್ರಿ ಅಯ್ಯನವರು ಚರ್ಚಿನಲ್ಲಿ ಚಿಕ್ಕದಾಗಿ ಮಾತಾಡಿದರು. ಎರಡು ವರ್ಷದ ಹಿಂದೆ ಮೈಸೂರು ಕಡೆಯಿಂದ ಈ ಸಭೆಗೆ ವರ್ಗವಾಗಿ ಬಂದವರು.

"ಈಸ್ಟರ್ ಬರುವ ತನಕ ನೀವು ಮಾಂಸ ಬಿಡ್ತೀರಿ, ಚಹಾ ಬಿಡ್ತೀರಿ, ಧಾರಾವಾಹಿ ಬಿಡ್ತೀರಿ. ಈ ಸಲ ಬಿಡೋದರ ಜೊತೆಗೆ ಒಂದು ಹಿಡ್ಕೊಳ್ಳಿ. ನಿಮಗೆ ಆಗದವರು ಒಬ್ಬರಾದರೂ ಇರ್ತಾರೆ. ಅವರಿಗೆ ದಿನಕ್ಕೊಂದು ಉಪಕಾರ ಮಾಡಿ. ಆದರೆ ಮಾಡಿದ್ದು ನೀವು ಅಂತ ಒಬ್ಬರಿಗೂ ಗೊತ್ತಾಗಬಾರದು. ಗಂಡನಿಗೂ ಬೇಡ, ನನಗೂ ಬೇಡ. ಗೊತ್ತಾದರೆ ಅದು ದೇವರಿಗೆ ಕೊಟ್ಟದ್ದಲ್ಲ, ಊರಿಗೆ ತೋರಿಸಿದ್ದು."

ಸಭೆ ಆಮೆನ್ ಎಂದಿತು. ಎಲ್ಲರಿಗಿಂತ ದೊಡ್ಡ ಆಮೆನ್ ಸುವಾರ್ತಮ್ಮನದು. ಹೇಳಿದ ಮೇಲೆ ಆಕೆಗೆ ದಿಗಿಲಾಯಿತು. ಏಕೆಂದರೆ ಭಾನುವಾರದ ಆರಾಧನೆಯಲ್ಲಿ ದೇವರು ತನ್ನಿಂದ ಮಾಡಿಸಿದ ಒಳ್ಳೆಯದನ್ನು ಎದ್ದು ನಿಂತು ಸಾಕ್ಷಿ ಹೇಳುವ ಹೊತ್ತು ಬಂದರೆ ಸುವಾರ್ತಮ್ಮನ ಸಾಕ್ಷಿ ಅಯ್ಯನವರ ಪ್ರಸಂಗಕ್ಕಿಂತ ಉದ್ದವಿರುತ್ತಿತ್ತು. ಭಿಕ್ಷುಕನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟದ್ದನ್ನೇ ಆಕೆ ಇಪ್ಪತ್ತು ನಿಮಿಷ ಹೇಳಿದ ದಾಖಲೆಯಿತ್ತು. ಒಳ್ಳೆಯದು ಮಾಡಿ ಬಾಯಿ ಮುಚ್ಚಿಕೊಂಡಿರುವುದು ಆಕೆಗೆ ಉಪವಾಸಕ್ಕಿಂತ ಕಷ್ಟದ ವ್ರತ.

ಅದಕ್ಕೇ ದಾರಿಯಲ್ಲಿ ನಡೆಯುತ್ತ ಒಬ್ಬ ಅನುಕೂಲದ ವೈರಿಯನ್ನು ಹುಡುಕಿಕೊಂಡಳು: ಕೈ ಮಾಡಿದರೂ ಬಸ್ಸು ನಿಲ್ಲಿಸದೆ ಹೋಗಿದ್ದ ಒಬ್ಬ ಕಂಡಕ್ಟರು. ಆತ ಹೋದ ವರ್ಷವೇ ಬೇರೆ ಡಿಪೋಕ್ಕೆ ಹೋಗಿದ್ದ. ಎಲ್ಲೋ ಇರುವವನಿಗಾಗಿ ದಿನಕ್ಕೊಂದು ಪ್ರಾರ್ಥನೆ ಮಾಡಿದರೆ ಉಪಕಾರವೂ ಆಯಿತು, ಮೈಗೆ ದಣಿವೂ ಇಲ್ಲ.

ದೇವರು ಒಪ್ಪಲಿಲ್ಲ. ಅದೇ ಮಧ್ಯಾಹ್ನ ಪಾರ್ವತೆಮ್ಮ ನಲ್ಲಿಯ ಹತ್ತಿರದ ಪಾಚಿಗಲ್ಲಿನ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿದು ಆರು ವಾರದ ಪಟ್ಟಿ ಬಿತ್ತು.

ಗಂಗಾವತಿಗೆ ಕೊಟ್ಟಿದ್ದ ಮಗಳು ವಿಜಯಲಕ್ಷ್ಮಿ ಓಡಿ ಬಂದು ನಾಲ್ಕು ದಿನ ಇದ್ದು, ಮಕ್ಕಳ ಪರೀಕ್ಷೆಯೆಂದು ಹೊರಟಳು. ಹೋಗುವಾಗ ಒಂದು ಚೀಲ ಸೋನಾ ಮಸೂರಿ ಅಕ್ಕಿ ಇಳಿಸಿ ಹೋದಳು. ಗಂಗಾವತಿಯವರಿಗೆ ಅದೇ ಊಟ. ಪಾರ್ವತೆಮ್ಮ ಎರಡು ದಿನ ಅನ್ನ ಉಂಡು ಮೂರನೆಯ ದಿನ ಕೋಳಿಗೆ, "ಉಂಡು ಕೈ ತೊಳಕೊಳ್ಳೂದ್ರಾಗ ಮತ್ತ ಹಸಿವು ಆಗ್ತೈತೆವ್ವ" ಎಂದಳು. ಗಂಡ ಓಬಳೆಪ್ಪ, ಗೋದಾಮಿನ ಕಾವಲುಗಾರ, ತಾನೇ ರೊಟ್ಟಿಗೆ ಕುಳಿತ. ಗೋಡೆಯ ಈಚೆ ಸುವಾರ್ತಮ್ಮ ಕಿವಿಗೊಟ್ಟಳು. ಪಟ್. ಬಹಳ ಹೊತ್ತು ಸುಮ್ಮನೆ. ಮತ್ತೆ ಪಟ್. ಆಮೇಲೆ ಏನೋ ನೆಲಕ್ಕೆ ಬಿದ್ದ ಸದ್ದು. ಆಮೇಲೆ ಪಾರ್ವತೆಮ್ಮನ ದನಿ: "ಬಿಡ್ರಿ, ಕೋಳಿಗೆ ಹಾಕ್ರಿ." ಮತ್ತೆ ಸ್ವಲ್ಪ ಹೊತ್ತಿಗೆ: "ಕೋಳಿನೂ ಒಲ್ಲೆ ಅಂತೈತಿ."

ಸುವಾರ್ತಮ್ಮ ನಕ್ಕಳು. ನಕ್ಕು ಮುಗಿದ ಮೇಲೆ ಎದ್ದು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. "ಆತು ಸ್ವಾಮಿ, ಗೊತ್ತಾತು. ಕಂಡಕ್ಟರ್ ಬ್ಯಾಡ" ಎಂದು ಮೇಲೆ ನೋಡಿ ಹೇಳಿದಳು.

ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯುವುದು ಆಕೆಗೆ ಹೂವೆತ್ತಿದಷ್ಟು ಹಗುರ. ತೊಡಕು ಬೇರೆಯಿತ್ತು. ಆ ರೊಟ್ಟಿ ಪಾರ್ವತೆಮ್ಮನ ಕೈಗೆ ಹೋದ ಗಳಿಗೆಯೇ ಗುಟ್ಟು ರಟ್ಟು. ಹಾಗಾದರೆ ಬೇರೆ ಯಾರದೋ ಕೈಯಂತೆ ಮಾಡಬೇಕು. ಸಂಘದವಳ ಕೈಯಂತೆ ಮಾಡಿದರೆ ಪಾರ್ವತೆಮ್ಮ ನೇರ ಹೋಗಿ ಅವಳನ್ನೇ ಕೇಳುತ್ತಾಳೆ. ಯೋಚಿಸಿ ಯೋಚಿಸಿ, ಯಾರ ಕೈಯೂ ಅಲ್ಲದ, ಬರೀ ಕೆಟ್ಟ ರೊಟ್ಟಿ ಮಾಡುವುದೆಂದು ನಿಶ್ಚಯಿಸಿದಳು.

ಕೆಟ್ಟ ರೊಟ್ಟಿ ಮಾಡುವುದು ಎಷ್ಟು ಕಷ್ಟವೆಂದು ಮರುದಿನ ಬೆಳಗಿನ ಐದು ಗಂಟೆಗೆ ತಿಳಿಯಿತು. ಸೊಟ್ಟ ಬಡಿಯೋಣವೆಂದು ಕುಳಿತರೂ ಹಿಟ್ಟು ಅಂಗೈ ಕೆಳಗೆ ತಾನಾಗಿ ತಿರುಗಿ ದುಂಡಗಾಗುತ್ತಿತ್ತು. ಅಂಚು ಒಡೆಯಲೆಂದು ಹಳೆಯ ಹಿಟ್ಟು ಬೆರೆಸಿದಳು. ಕೈ ಅದನ್ನೂ ಸಂಭಾಳಿಸಿತು. ಕೊನೆಗೆ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಕಟ್ಟಿ, ಎಡಗೈಯನ್ನು ಸೋಪು ಹಚ್ಚಿ ಎರಡು ಸಲ ತೊಳೆದು, ಅದರಿಂದಲೇ ಬಡಿದಳು. ಮೂರು ಮೂಲೆಯ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು ಬಿದ್ದ ನಾಲ್ಕು ರೊಟ್ಟಿ ಎದ್ದವು. ಅವನ್ನು ನೋಡಿ ಆಕೆಗೆ ನಿಜವಾಗಿ ಕಣ್ಣಲ್ಲಿ ನೀರು ಬಂತು. ಸುತ್ತಲು ಕೈಗೆ ಸಿಕ್ಕ ಹಾಳೆ ಚರ್ಚಿನ ಮಾಸಪತ್ರಿಕೆಯದು. ಕೊನೆಯ ಗಳಿಗೆಯಲ್ಲಿ ಅದು ಕಣ್ಣಿಗೆ ಬಿದ್ದು, ನಾಲಿಗೆ ಕಚ್ಚಿಕೊಂಡು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಬಟ್ಟೆ ಅಂಗಡಿಯ ಚೀಲಕ್ಕೆ ಹಾಕಿ ಪಾರ್ವತೆಮ್ಮನ ಹಿತ್ತಲ ಬಾಗಿಲ ಚಿಲಕಕ್ಕೆ ತೂಗುಹಾಕಿ ಬಂದಳು. ಕೆಂಪು ಕೋಳಿ ಒಂದೇ ಕಣ್ಣಿನಿಂದ ನೋಡಿತು.

ಮೂರನೆಯ ದಿನ ಪಾರ್ವತೆಮ್ಮ ಕೊರಳಿಗೆ ಕೈ ತೂಗುಹಾಕಿಕೊಂಡು, ಅದೇ ಚೀಲ ಹಿಡಿದು ಶೆಡ್ಡಿಗೆ ಬಂದಳು.

"ಲಾಲಬೀ, ಇದರ ನ್ಯಾಯ ನೀನ ಹೇಳು. ಯಾರೋ ಪುಣ್ಯಾತ್ಗಿತ್ತಿ ದಿನಾ ರೊಟ್ಟಿ ತಂದು ಇಡಾಕತ್ತಾಳ. ಪುಣ್ಯ ಬರ್ತೈತಿ ಆಕಿಗೆ, ರೊಟ್ಟಿ ಬರಂಗಿಲ್ಲ."

ಹನ್ನೆರಡು ಹೆಂಗಸರು ಒಲೆ ಬಿಟ್ಟು ಸುತ್ತ ನೆರೆದರು. ರೊಟ್ಟಿ ಕೈಯಿಂದ ಕೈಗೆ ಹೋಯಿತು. ಒಬ್ಬಳು ಮೂಸಿದಳು, ಒಬ್ಬಳು ಮುರಿದಳು, ಒಬ್ಬಳು ತೂತಿನಿಂದ ಇನ್ನೊಬ್ಬಳನ್ನು ನೋಡಿದಳು.

"ಇದು ನಮ್ಮ ಕಡೆ ಕೈನ ಅಲ್ಲ," ಎಂದಳು ಲಾಲಬೀ. "ಹೆಣ್ಮಗಳು ಮಾಡಿದ್ದು ಅಂತ ಹ್ಯಾಂಗ ಹೇಳ್ತಿ? ಸುವಾರ್ತಾ, ನೀ ನೋಡು. ನಿನಗಿಂತ ಹೆಚ್ಚು ಯಾರಿಗೆ ಗೊತ್ತಾಗ್ಬೇಕು?"

ಸುವಾರ್ತಮ್ಮ ತಾನು ಮಾಡಿದ ರೊಟ್ಟಿಯನ್ನು ತಿರುವಿ ತಿರುವಿ ನೋಡಿದಳು. ಸುಳ್ಳು ಹೇಳುವಂತಿಲ್ಲ, ನಿಜ ಹೇಳುವಂತಿಲ್ಲ. "ಮಾಡಿದಾಕಿ ಮನಸು ಚಲೋ ಐತಿ" ಎಂದಳು.

ಪಾರ್ವತೆಮ್ಮ ಪಕ್ಕದಲ್ಲಿದ್ದ ಹಿಟ್ಟಿನ ಚೀಲದ ಕಡೆ ತಿರುಗಿ, "ಮನಸು ತಿಂದ್ರ ಹೊಟ್ಟಿ ತುಂಬತೈತೇನ ಚೀಲಾ?" ಎಂದಳು.

ಲಾಲಬೀ ಒಮ್ಮೆಲೆ ತೊಡೆ ತಟ್ಟಿದಳು. "ಮೂರು ಮೂಲಿ ರೊಟ್ಟಿ! ಚರ್ಚಿನ ಅಮ್ಮಾವ್ರು, ಅಯ್ನೋರ ಹೆಂಡ್ತಿ ಮಮತಮ್ಮನೋರು! ಮೈಸೂರು ಕಡೆಯೋರು, ನಮ್ಮ ಶೆಡ್ಡಿಗೆ ಕಲಿಯಾಕ ಬಂದಿದ್ರಲ್ಲ, ಹಿಂಗ ಬಡದಿದ್ರು. ಯಾ ಅಲ್ಲಾ, ಎಂಥ ದಿಲ್ ನೋಡ್ರಿ ಅವರದು!"

ಅಷ್ಟೇ. ಸಂಜೆಯೊಳಗೆ ಕಾಲೊನಿಗೆಲ್ಲ ಗೊತ್ತಾಯಿತು. ಪಾರ್ವತೆಮ್ಮ ಓಬಳೆಪ್ಪನ ಕೈಯಲ್ಲಿ ಅಯ್ಯನವರ ಮನೆಗೆ ಒಂದು ಕಟ್ಟು ಮೆಂತೆ ಸೊಪ್ಪು ಕಳಿಸಿದಳು. ಮಮತಮ್ಮ ಬಾಗಿಲಲ್ಲಿ ನಿಂತು, "ಅಯ್ಯೋ, ನಾನಲ್ಲಪ್ಪ, ನಾನು ಯಾಕೆ ರೊಟ್ಟಿ ಕೊಡಲಿ? ನನಗೆ ಬರೋದೇ ಇಲ್ಲ" ಎಂದರು. ಓಬಳೆಪ್ಪ ಕೈ ಮುಗಿದು, "ದೊಡ್ಡೋರು ಹಿಂಗ ಅಂತಾರ್ರಿ" ಎಂದು ಸೊಪ್ಪು ಇಟ್ಟು ಬಂದ. ಅವರು ಅಲ್ಲವೆಂದಷ್ಟೂ ಜನಕ್ಕೆ ನಂಬಿಕೆ ಗಟ್ಟಿಯಾಯಿತು.

ಭಾನುವಾರ ಸಾಕ್ಷಿಯ ಹೊತ್ತಿಗೆ ಸುವಾರ್ತಮ್ಮ ಎದ್ದು ನಿಂತಳು. ಹಿಂದಿನ ಸಾಲಿನವರು ಆರಾಮವಾಗಿ ಒರಗಿ ಕುಳಿತರು. ಆಕೆಯ ಬಾಯಿ ತೆರೆಯಿತು. ಜೀವಮಾನದಲ್ಲೇ ದೊಡ್ಡ ಸಾಕ್ಷಿ ನಾಲಿಗೆಯ ತುದಿಯಲ್ಲಿತ್ತು. "ದೇವರಿಗೆ ಸ್ತೋತ್ರ" ಎಂದು ಕುಳಿತುಬಿಟ್ಟಳು. ಪ್ರಾರ್ಥನೆ ಮುಗಿದ ಮೇಲೆ ಮೂವರು ಬಂದು ಮೈಗೆ ಹುಷಾರಿಲ್ಲವೇ ಎಂದು ಕೇಳಿದರು.

ಕುಷ್ಟಗಿ ಕಡೆ ರಸ್ತೆ ಕೆಲಸದಲ್ಲಿ ರೋಲರ್ ಓಡಿಸುತ್ತಿದ್ದ ಗಂಡ ದೇವದಾನಪ್ಪ ಶನಿವಾರಕ್ಕೊಮ್ಮೆ ಬರುತ್ತಿದ್ದ. ಒಂದು ನಸುಕಿನಲ್ಲಿ ಎದ್ದು ಒಲೆಯ ಹತ್ತಿರ ಬಂದವನು ಬುಟ್ಟಿ ನೋಡಿ ನಿಂತ.

"ಇದೇನ? ನಿನ್ನ ಕೈಗೆ ಏನಾತು?"

"ನಿಮಗಲ್ರಿ. ಒಂದು ಪ್ರಾಣಿಗೆ. ಪಾಪ, ಮಾತಿಲ್ಲದ ಪ್ರಾಣಿ."

ಮೂರು ವರ್ಷದಿಂದ ಮಾತೇ ಆಡದವಳಲ್ಲವೇ. ಇದರಲ್ಲಿ ಸುಳ್ಳೆಲ್ಲಿ ಬಂತು? ದೇವದಾನಪ್ಪ ಪಕ್ಕದ ಬಟ್ಟಲಿನ ಮುಚ್ಚಳ ಎತ್ತಿದ. "ಪ್ರಾಣಿಗೆ ಪುಂಡಿಪಲ್ಯನೂ ಬೇಕೇನು?"

ಪಲ್ಯ ಸೇರಿದ್ದು ಹೀಗೆ. ಎರಡನೆಯ ವಾರದಲ್ಲಿ ಗೋಡೆಯಾಚೆ ಪಾರ್ವತೆಮ್ಮ ಕೋಳಿಗೆ, "ಬರೇ ರೊಟ್ಟಿ ಹೆಂಗ ಇಳೀತಾವೆ? ಪುಂಡಿಪಲ್ಯ ಇದ್ದಿದ್ರ..." ಎಂದು ಉಸಿರು ಬಿಟ್ಟಿದ್ದಳು. ಸುವಾರ್ತಮ್ಮನ ಕಿವಿಗೆ ಬಿತ್ತು. ಇದು ದೇವರೇ ಕೇಳಿಸಿದ್ದೆಂದು ನಂಬಿ ಮಾಡಿಟ್ಟಳು. ನಾಲ್ಕು ದಿನಕ್ಕೆ, "ಕೋಳೀ, ಬಳ್ಳೊಳ್ಳಿ ಖಾರ ತಿಂದು ಯಾವ ಕಾಲ ಆತೋ." ಅದೂ ಹೋಯಿತು. ಆಮೇಲೆ ಶೇಂಗಾ ಹಿಂಡಿ. ಆಮೇಲೆ ಒಂದು ದಿನ, "ಉಪ್ಪು ಒಂದೀಟು ಮುಂದಾಗೈತಿ." ದೇವರು ಇಷ್ಟು ರುಚಿಗಾರನೆಂದು ಸುವಾರ್ತಮ್ಮನಿಗೆ ಗೊತ್ತಿರಲಿಲ್ಲ. ಆದರೂ ಎದುರಾಡದೆ ಉಪ್ಪು ಕಡಿಮೆ ಮಾಡಿದಳು.

ಇದನ್ನೆಲ್ಲ ಆಕೆ ತಡೆದುಕೊಂಡಳು. ಶೆಡ್ಡಿನಲ್ಲಿ ದಿನಾ ಪಾರ್ವತೆಮ್ಮ ರೊಟ್ಟಿಗೆ ಹೆಸರಿಡುತ್ತಿದ್ದಳು. ಒಂದು ದಿನ ಯಲಬುರ್ಗಾ ತಾಲೂಕಿನ ನಕಾಶೆ, ಒಂದು ದಿನ ಹರಿದ ಚಪ್ಪಲಿ. ಎಲ್ಲರೊಂದಿಗೆ ಸುವಾರ್ತಮ್ಮನೂ ನಗಬೇಕು. ನಕ್ಕಳು. ಆದರೆ ಈಸ್ಟರಿಗೆ ಒಂದು ವಾರ ಉಳಿದಾಗ ಬಂದ ಮಾತನ್ನು ತಡೆಯಲಾಗಲಿಲ್ಲ.

"ಅಮ್ಮಾವ್ರಿಗೆ ಈಸ್ಟರ್ ಹಬ್ಬದ ದಿನ ಚರ್ಚಿನ ಮುಂದ ನಾವೆಲ್ಲಾ ಕೂಡಿ ಒಂದು ಶಾಲು ಹೊಚ್ಚೂಣು" ಎಂದಳು ಪಾರ್ವತೆಮ್ಮ. "ರೊಟ್ಟಿ ಹ್ಯಾಂಗರ ಇರಲಿ. ಸುವಾರ್ತಮ್ಮನಂಥಾಕಿ ಮಗ್ಗುಲ ಮನ್ಯಾಗ ಇದ್ದೂ ಒಂದು ತುಣುಕು ಕೊಡಲಿಲ್ಲ. ಎಲ್ಲಿಂದಲೋ ಬಂದೋರು ಕೊಟ್ರು." ಹೇಳಿದ್ದು ಹಿಟ್ಟಿನ ಚೀಲಕ್ಕೇ. ಆದರೆ ಹನ್ನೆರಡು ಮುಖಗಳೂ ಸುವಾರ್ತಮ್ಮನ ಕಡೆ ತಿರುಗಿದವು.

ಮನೆಗೆ ಬಂದು ಆಕೆ ಊಟ ಮಾಡಲಿಲ್ಲ. ಮರುದಿನ ನಸುಕಿನಲ್ಲಿ ಹೊಸ ಜೋಳದ ಹಿಟ್ಟು ತೆಗೆದಳು. ಎಸರು ಹುಯ್ದು ನಾದಿ ನಾದಿ ಬೆಣ್ಣೆಯಂತೆ ಮಾಡಿದಳು. ಸೆರಗಿನ ಗಂಟು ಬಿಚ್ಚಿ ಬಲಗೈ ಹೊರಗೆ ತಂದಳು. ತಿಂಗಳು ದಾಟಿ ಕಟ್ಟಿಹಾಕಿದ್ದ ಎತ್ತು ಹೊಲಕ್ಕೆ ಬಿದ್ದಂತೆ ಕೈ ಓಡಿತು. ಹಂಚಿನ ಮೇಲೆ ರೊಟ್ಟಿ ಪೂರಿಯಂತೆ ಉಬ್ಬಿತು. ದುಂಡಗೆ, ತೆಳ್ಳಗೆ, ನಡುವೆ ಆ ಗುಳಿ. "ನೋಡಲಿ ಈಗ. ಕಣ್ಣು ಬಿಟ್ಟು ನೋಡಲಿ" ಎಂದುಕೊಳ್ಳುತ್ತ ಅದೊಂದನ್ನೇ ಚೀಲಕ್ಕೆ ಹಾಕಿಕೊಂಡು ಕಲ್ಲಿನ ಸಾಲು ದಾಟಿದಳು.

ಚಿಲಕಕ್ಕೆ ತೂಗುಹಾಕಿದಳು. ಎರಡು ಹೆಜ್ಜೆ ಹಿಂದಕ್ಕೆ ಬಂದು ನಿಂತಳು.

ತೆಳುವಾದ ಚೀಲದೊಳಗಿಂದ ಆ ಗುಳಿ ತನ್ನನ್ನೇ ನೋಡಿದಂತಾಯಿತು. ಇಷ್ಟು ದಿನದ ಎಡಗೈ ರೊಟ್ಟಿಯೆಲ್ಲ ದೇವರಿಗೆ ಹೋದವು. ಇದೊಂದು ಹೋದರೆ ಅಷ್ಟೂ ಊರಿನ ಪಾಲು. ಶಾಲು ಬರುತ್ತದೆ. ಬೇಸಿಗೆಯಲ್ಲಿ ಶಾಲು ತೆಗೆದುಕೊಂಡು ಏನು ಮಾಡುವುದು? ಆದರೆ ಪಾರಕ್ಕನ ಮುಖ ಸಣ್ಣಗಾಗುವುದನ್ನು ಒಂದೇ ಒಂದು ಸಲ ನೋಡಬೇಕಿತ್ತು. ಒಂದೇ ಸಲ. ಸುವಾರ್ತಮ್ಮ ಒಂದು ಹೆಜ್ಜೆ ಮುಂದಿಟ್ಟಳು, ಒಂದು ಹೆಜ್ಜೆ ಹಿಂದಿಟ್ಟಳು. ಕೊನೆಗೆ, "ಆತು, ಇದನ್ನೂ ನೀನ ತಗೋ ಸ್ವಾಮಿ" ಎಂದು ಗೊಣಗಿ, ಚೀಲವನ್ನು ಚಿಲಕದಿಂದ ಬಿಡಿಸಿದಳು. ಮನೆಗೆ ಹೋಗಿ ಎಡಗೈಯಿಂದ ನಾಲ್ಕು ಬಡಿದು ತರಬೇಕು.

ಬಾಗಿಲು ತೆರೆಯಿತು.

ಪಾರ್ವತೆಮ್ಮ ಹೊಸ್ತಿಲಲ್ಲಿ ಕುಳಿತಿದ್ದಳು. ಮುಂದೆ ಖಾಲಿ ತಾಟು. ಎಷ್ಟು ಹೊತ್ತಿನಿಂದ ಕುಳಿತಿದ್ದಳೋ. ಸುವಾರ್ತಮ್ಮ ಚೀಲವನ್ನು ಸೆರಗಿನ ಹಿಂದೆ ಅಡಗಿಸಿದಳು.

ಪಾರ್ವತೆಮ್ಮ ಆಕೆಯ ಕಡೆ ನೋಡಲೇ ಇಲ್ಲ. ಕೋಳಿಯನ್ನು ಹತ್ತಿರ ಕರೆದಳು.

"ಏ ಕೋಳೀ, ಕೇಳಿಲ್ಲಿ. ಗ್ವಾಡಿ ಒಂದ ಇಟ್ಟಂಗಿದು. ಈ ಕಡೆ ತಲಿ ಇಟ್ಟು ಮಲಗಿದ್ರ ಆ ಕಡೆ ರೊಟ್ಟಿ ಬಡಿಯೋದು ಎದಿ ಮ್ಯಾಲ ಬಡದಂಗ ಕೇಳ್ತೈತಿ. ಮೊದಲ ದಿನಾನ ಅಂದ್ಕೊಂಡೆ, ಇಕಿಗೆ ಏನಾತು, ಬಡತ ಕುಂಟಾಕತ್ತೈತಿ ಅಂತ. ಆಮ್ಯಾಲ ತಿಳೀತು. ಇಷ್ಟು ದಿನ ಎಡಗೈ ರೊಟ್ಟಿ ತಿನ್ಸ್ಯಾಳ ನನಗ, ಮೂಳಿ."

"ಸೋಪು ಹಚ್ಚಿ ತೊಳಕೊಂಡೀನಿ ಗಿಡಾ" ಎಂದು ಸುವಾರ್ತಮ್ಮ ಬಾಯಿ ತಪ್ಪಿ, ಅಲ್ಲಿಲ್ಲದ ಕರಿಬೇವಿಗೆ ಹೇಳಿದಳು. ಆಮೇಲೆ ಧೈರ್ಯ ಮಾಡಿ, "ಗೊತ್ತಿದ್ದೂ ಊರ ತುಂಬ ಹೆಸರು ಇಟ್ಲು ನೋಡು" ಎಂದಳು.

"ಸಿಟ್ಟು ಬಂದ್ರ ಬಲಗೈ ಬಿಚ್ತಾಳ ಅಂತ ಅಂದ್ಕೊಂಡೆ ಕೋಳೀ. ಹಪ್ಪಳದಂಥ ರೊಟ್ಟಿ ತಿಂದು ಮೂರು ವರ್ಷ ಆತು. ಇವತ್ತು ಬಿಚ್ಚಿದ್ಲು, ಸದ್ದು ಕೇಳಿ ತಾಟು ಹಿಡಕೊಂಡು ಕುಂತೆ. ತಂದಾಕಿ ತಿರುಗಿ ಒಯ್ಯಾಕತ್ತಾಳ!"

ಸುವಾರ್ತಮ್ಮ ಸೋತು ಕಲ್ಲಿನ ಸಾಲಿನ ಮೇಲೆ ಕುಳಿತಳು. "ಎಲ್ಲಾ ನೀರಾಗ ಹೋತು" ಎಂದಳು, ಈಗ ಯಾರಿಗೂ ಅಲ್ಲ. "ಯಾರಿಗೂ ಗೊತ್ತಾಗಬಾರದು ಅಂದಿದ್ರು ಅಯ್ನೋರು. ಗೊತ್ತಾತು."

ಪಾರ್ವತೆಮ್ಮ ಕೋಳಿಯ ಬೆನ್ನು ಸವರುತ್ತ, "ಯಾರಿಗೆ ಗೊತ್ತಾತು ಕೋಳೀ? ನಂಗ ಯಾರೂ ಏನೂ ಹೇಳಿಲ್ಲ. ಮಗ್ಗುಲ ಮನಿಯಾಕಿ ಜೋಡಿ ನಂಗ ಮಾತ ಇಲ್ಲ. ನಾ ಮಾತಾಡಾಕತ್ತಿದ್ದು ನಿನ್ನ ಜೋಡಿ. ನೀ ಯಾರ ಮುಂದರ ಹೇಳ್ತೀಯೇನು?" ಎಂದಳು.

ಕೋಳಿ ನೆಲ ಕೆದರಿತು.

"ಹಬ್ಬದ ತನಕ ಹಿಂಗ ಮಾತು ಬಿಟ್ಟ ಇರ್ತೀನಿ," ಎಂದಳು ಪಾರ್ವತೆಮ್ಮ. "ನಾಳಿಂದ ಮತ್ತ ಎಡಗೈಲೇ ಬಡೀಲಿ, ಇಲ್ಲಂದ್ರ ಲಾಲಬೀ ಕಣ್ಣಿಗೆ ಬಿದ್ದೀತು. ಆದ್ರ ಕೋಳೀ, ಆ ಚೀಲದಾಗಿಂದು ಆರಿದ್ರ ಚಲೋ ಇರಂಗಿಲ್ಲ."

ಸುವಾರ್ತಮ್ಮ ಎದ್ದು ರೊಟ್ಟಿಯನ್ನು ತಾಟಿಗೆ ಹಾಕಿ, ಹಿಂದಿರುಗಿ ನೋಡದೆ ಕಲ್ಲಿನ ಸಾಲು ದಾಟಿದಳು.

ಈಸ್ಟರ್ ದಿನ ಚರ್ಚಿನ ಮುಂದೆ ಹನ್ನೆರಡು ಹೆಂಗಸರು ನೆರೆದರು. ಹಿಂದಿನ ದಿನವಷ್ಟೇ ಪಟ್ಟಿ ಬಿಚ್ಚಿಸಿಕೊಂಡಿದ್ದ ಪಾರ್ವತೆಮ್ಮ ತಾನೇ ಶಾಲು ಹೊದಿಸಿದಳು. ಮಮತಮ್ಮ ಅಳುವುದೊಂದು ಬಾಕಿ: "ದೇವರಾಣೆ, ನಾನಲ್ಲ ಕಣ್ರೀ!" ಲಾಲಬೀ ಕಣ್ಣೊರೆಸಿಕೊಂಡು, "ನೋಡ್ರಿ, ಈಗೂ ಒಪ್ಪಂಗಿಲ್ಲ" ಎಂದಳು. ಅಯ್ಯನವರು ಹೆಂಡತಿಯನ್ನು ಅನುಮಾನದಿಂದಲೂ ಹೆಮ್ಮೆಯಿಂದಲೂ ನೋಡಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಸುವಾರ್ತಮ್ಮ. ಶಾಲಿನ ಅಂಚು ಸರಿಪಡಿಸುತ್ತಿದ್ದ ಪಾರ್ವತೆಮ್ಮನ ತುಟಿ ಒಮ್ಮೆ ಅಲುಗಾಡಿತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಸುವಾರ್ತಮ್ಮ ಎದ್ದಾಗ ತನ್ನ ಹಿತ್ತಲ ಚಿಲಕಕ್ಕೆ ಅದೇ ಬಟ್ಟೆ ಅಂಗಡಿಯ ಚೀಲ ತೂಗುತ್ತಿತ್ತು. ಒಳಗೆ ಒಂದು ರೊಟ್ಟಿ. ಈಗಷ್ಟೇ ಪಟ್ಟಿ ಬಿಚ್ಚಿದ ಕೈಯದು. ಮಾಡಿನ ಹೆಂಚಿನಷ್ಟು ದಪ್ಪ, ಒಂದು ಮಗ್ಗುಲು ಕರ್ರಗೆ ಸುಟ್ಟಿತ್ತು. ಜೊತೆಗೆ ಒಂದು ಉಂಡೆ ಬೆಣ್ಣೆ.

ಸುವಾರ್ತಮ್ಮ ಕಲ್ಲಿನ ಸಾಲಿನ ಮೇಲೆ ಕುಳಿತು ತುಣುಕು ಮುರಿದು ಬಾಯಿಗೆ ಹಾಕಿಕೊಂಡಳು. ಬಹಳ ಹೊತ್ತು ಅಗಿದಳು. ಆಮೇಲೆ ಗೋಡೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಗಿಡಾ, ಯಾರೋ ಪುಣ್ಯಾತ್ಗಿತ್ತಿ ರೊಟ್ಟಿ ಇಟ್ಟು ಹೋಗ್ಯಾಳ ನೋಡು. ಪುಣ್ಯ ಬರ್ತೈತಿ ಆಕಿಗೆ..."

"ಏ ಸುವಾರ್ತಿ!" ಎಂದು ಆಚೆಯಿಂದ ನೇರವಾಗಿ ದನಿ ಬಂತು. "ಬಾಯಿ ಮುಚ್ಚಿಕೊಂಡು ತಿನ್ನು."